ಅಪ್‌ಡೇಟ್: ಕ್ಯಾಮೆರಾ ಬದಲಿಸಲಿಲ್ಲ, ಲೆನ್ಸ್ ಕೊಂಡೆ

ಹಕ್ಕಿಗಳ ಚಿತ್ರಕ್ಕೆ ಹೊಸ ಕ್ಯಾಮೆರಾ ಕೊಳ್ಳಲೇ, ರಾ ಕಡತ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ದೊಡ್ಡ ಚಿತ್ರ) ತೆರೆದರೆ ತಡವರಿಸುವ ಲ್ಯಾಪ್‌ಟಾಪ್ ಬದಲಿಸಲೇ ಎಂದು ಕಳೆದ ತಿಂಗಳು ಇಲ್ಲಿ ಕೇಳಿದ್ದೆ. ಎರಡನ್ನೂ ಮಾಡಲಿಲ್ಲ. ನನ್ನ ನಿಕಾನ್ ಡಿ5600ಕ್ಕೇ ಸೆಕೆಂಡ್ ಹ್ಯಾಂಡ್ 70-300 ಎಂಎಂ ಲೆನ್ಸ್ ಕೊಂಡೆ. ಅದರ ಸಣ್ಣ ಸೆನ್ಸರ್‌ನಲ್ಲಿ 300 ಎಂಎಂ ಎಂದರೆ ಫುಲ್‌ಫ್ರೇಮ್ ಎಂಬ ದೊಡ್ಡ ಸೆನ್ಸರ್‌ನ 450 ಎಂಎಂನಷ್ಟು ಹತ್ತಿರದ ನೋಟ. ಲ್ಯಾಪ್‌ಟಾಪ್‌ಗೆ ರ‍್ಯಾಮ್ 8ರಿಂದ 16 ಜಿಬಿ, ಹಾರ್ಡ್‌ಡಿಸ್ಕ್ ಬದಲು ಎಸ್‌ಎಸ್‌ಡಿ. ಚಿತ್ರ ತಿದ್ದುವ ತಂತ್ರಾಂಶ ಡಾರ್ಕ್‌ಟೇಬಲ್ ಈಗ ಸರಾಗವಾಗಿ ನಡೆಯುತ್ತಿದೆ.

ಭಾನುವಾರ ಕೊಕ್ಕರೆ ಬೆಳ್ಳೂರಿಗೆ ಹೋಗಿದ್ದೆ. ಊರ ನಡುವಿನ ಮರದಲ್ಲೇ ಹೆಜ್ಜಾರ್ಲೆಗಳ (ಪೆಲಿಕನ್) ಗೂಡು! ಮೊದಲ ಚಿತ್ರಗಳಲ್ಲೆಲ್ಲ ರೆಕ್ಕೆ ಮಸುಕು. ಶಟರ್ ವೇಗವನ್ನು 1/2000 ಸೆಕೆಂಡಿಗೆ ಏರಿಸಿ, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) ಆಟೊದಲ್ಲಿ ಬಿಟ್ಟ ಮೇಲೆ ಒಂದೊಂದು ಗರಿಯೂ ಬಿಡಿಬಿಡಿಯಾಗಿ ಕಂಡಿತು. ಮರಿಯೊಂದು ತಾಯಿಯ ಕೊಕ್ಕಿನ ಚೀಲದೊಳಗೆ ತಲೆ ತೂರಿಸಿದ ಆ ಚಿತ್ರವನ್ನು ಎಷ್ಟು ಸಲ ನೋಡಿದೆನೋ. ‘ಮೊದಲು ಲೆನ್ಸ್’ ಎಂದು ಆಗ ಸಲಹೆ ಕೊಟ್ಟವರಿಗೆ ಮನಸಾರೆ ಕೃತಜ್ಞತೆಗಳು. ಪರದೆಯ ಬಣ್ಣ ಸರಿಹೊಂದಿಸುವುದು ಇನ್ನೂ ಬಾಕಿಯಿದೆ.