ಓದಿದ್ದು ನಿಲ್ಲುತ್ತಿಲ್ಲ, ಇಟ್ಟಿದ್ದು ಸಿಗುತ್ತಿಲ್ಲ: ನೀವೇನು ಮಾಡುತ್ತೀರಿ?

ವಿರಾಜಪೇಟೆಯಿಂದ ಪ್ರಶ್ನೆ

ನನಗೆ 43. ಕೆಲಸದ ಜೊತೆಗೇ ಇಲಾಖಾ ಪರೀಕ್ಷೆಗೆ ಓದುತ್ತಿದ್ದೇನೆ. ಮೂರು ಸಲ ಓದಿದ ನಿಯಮವೂ ಮರುದಿನಕ್ಕೆ ಇರುವುದಿಲ್ಲ. ಒಲೆ ಮೇಲೆ ಹಾಲಿಟ್ಟು ಮರೆಯುತ್ತೇನೆ, ಬೀಗದ ಕೈ ದಿನಾ ಹುಡುಕುತ್ತೇನೆ. ಪುಸ್ತಕ ಹಿಡಿದು ಹತ್ತು ನಿಮಿಷವಾಗುವುದರೊಳಗೆ ಕೈ ಮೊಬೈಲಿಗೆ ಹೋಗುತ್ತದೆ. ನಿಮಗೆ ನಿಜವಾಗಿ ಫಲ ಕೊಟ್ಟ ಅಭ್ಯಾಸಗಳಿದ್ದರೆ ಹೇಳಿ.

ಸುಂಟಿಕೊಪ್ಪದಿಂದ

ಮೇಡಂ, ನಾನು 19 ವರ್ಷ ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವನು, ಆಗಿದ್ದೆ. ಕೆಲಸ ಕಲಿಸಿದ ಹಿರಿಯರದ್ದು ಒಂದು ಕಟ್ಟುನಿಟ್ಟಿತ್ತು. ಬೆಳಿಗ್ಗೆ ಮಳೆ ಅಳೆದು ಪುಸ್ತಕದಲ್ಲಿ ಬರೆಯುವ ಮುಂಚೆ ನಿನ್ನೆ ಎಷ್ಟು ಬಂತು, ಮೊನ್ನೆ ಎಷ್ಟು ಎಂದು ಬಾಯಿಬಿಟ್ಟು ಹೇಳಬೇಕು. ಆಮೇಲೇ ಪುಸ್ತಕ ತೆರೆಯಬೇಕು. ‘ಒಂದು ಇಂಚು ನಲವತ್ತು ಸೆಂಟು’ (ಸೆಂಟು ಎಂದರೆ ಇಂಚಿನ ನೂರರಲ್ಲೊಂದು ಪಾಲು) ಎಂದು ಹೇಳಿ ತೆರೆದರೆ ಅಲ್ಲಿ ಒಂದು ಇಂಚು ಹದಿನೈದು ಸೆಂಟು ಇರುತ್ತಿತ್ತು. ಹಾಗೆ ತಪ್ಪಿದ ಲೆಕ್ಕ ಮಾತ್ರ ಮತ್ತೆ ಮರೆಯುತ್ತಿರಲಿಲ್ಲ.

ಅದು ಅವರ ಹಠ ಎಂದುಕೊಂಡಿದ್ದೆ. ಎಷ್ಟೋ ವರ್ಷದ ಮೇಲೆ, ಮಗಳು ಪಿಯುಸಿ ಓದುವಾಗ ತಿಳಿಯಿತು, ಇದನ್ನೇ ಅಮೆರಿಕದಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬಿಬ್ಬರು ಮನಶ್ಶಾಸ್ತ್ರಜ್ಞರು ಪರೀಕ್ಷೆ ಮಾಡಿ 2006ರಲ್ಲಿ ಪ್ರಕಟಿಸಿದ್ದರು. ಕೆಲವು ವಿದ್ಯಾರ್ಥಿಗಳು ಪಾಠವನ್ನು ಮತ್ತೆ ಓದಿದರು, ಇನ್ನು ಕೆಲವರು ಪಾಠ ಮುಚ್ಚಿಟ್ಟು ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದವರೇ ಮುಂದು. ಒಂದು ವಾರ ಬಿಟ್ಟು ಕೇಳಿದಾಗ ಬರೆದವರು ಮುಂದು. ಎರಡನೇ ಸಲ ಓದುವಾಗ ಸಲೀಸಾಗಿ ಹೋಗುತ್ತದಲ್ಲ, ಅದನ್ನೇ ನಾವು ‘ಬಂತು’ ಎಂದುಕೊಳ್ಳುತ್ತೇವೆ. ಪುಸ್ತಕ ಕಣ್ಣೆದುರು ಇರುವವರೆಗಿನ ಧೈರ್ಯ ಅದು.

ಹಾಗಾಗಿ ನಾಲ್ಕನೇ ಸಲ ಓದಬೇಡಿ. ಒಂದು ನಿಯಮ ಓದಿ, ಪುಸ್ತಕ ಮುಚ್ಚಿ, ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ನಿಮ್ಮ ಮಾತಿನಲ್ಲೇ ಬರೆಯಿರಿ. ಹೊಳೆಯದಿದ್ದರೆ ಕೂಡಲೇ ತೆರೆಯಬೇಡಿ, ಒಂದು ನಿಮಿಷ ತಡಕಾಡಿ. ಆ ತಡಕಾಟದಲ್ಲೇ ಕೆಲಸ ಆಗುವುದು. ಅದೇ ನಿಯಮವನ್ನು ಮರುದಿನ, ಮತ್ತೆ ಮೂರು ದಿನಕ್ಕೆ, ಆಮೇಲೆ ವಾರಕ್ಕೆ ಹೀಗೇ ಕೇಳಿಕೊಳ್ಳಿ. ಮರೆವು ಮೊದಲ ದಿನವೇ ಹೆಚ್ಚು, ಆಮೇಲೆ ನಿಧಾನ ಎಂದು ಜರ್ಮನಿಯ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ ತನ್ನ ಮೇಲೇ ಪ್ರಯೋಗ ಮಾಡಿಕೊಂಡು 1885ರಲ್ಲೇ ತೋರಿಸಿದ್ದರು. ಆದ್ದರಿಂದ ಮರುದಿನದ್ದನ್ನು ಮಾತ್ರ ತಪ್ಪಿಸಬೇಡಿ.

ಹಾಲು, ಬೀಗದ ಕೈ ಬೇರೆ ಸಂಗತಿ. ಇಡುವಾಗ ಮನಸ್ಸು ಅಲ್ಲಿ ಇರಲೇ ಇಲ್ಲ, ಇನ್ನು ನೆನಪು ಎಲ್ಲಿಂದ ಬರಬೇಕು? ಒಂದು ಮಾರ್ಚ್‌ನಲ್ಲಿ ಕಾಫಿ ಹೂವಿಗೆ ನೀರು ಕೊಡುವಾಗ ಮೋಟಾರ್ ಹಾಕಿ ಫೋನಿನಲ್ಲಿ ಮಾತಾಡುತ್ತಾ ಕೂತೆ. ನೀರು ಚಿಮ್ಮಿಸುವ ಜೆಟ್ಟನ್ನು ಬೇರೆ ಕಡೆಗೆ ಬದಲಾಯಿಸುವ ಹೊತ್ತು ದಾಟಿ, ಒಂದೇ ಕಡೆ ನೀರು ಸುರಿದು, ಇನ್ನೊಂದು ಪಟ್ಟಿಗೆ ಕೆರೆಯಲ್ಲಿ ನೀರೇ ಉಳಿಯಲಿಲ್ಲ. ಅಂದಿನಿಂದ ಸ್ವಿಚ್ ಮೇಲೆ ಕೈಯಿಟ್ಟು ‘ಮೋಟಾರ್ ಹಾಕಿದೆ, ಒಂಬತ್ತು ಗಂಟೆ’ ಎಂದು ಗಟ್ಟಿಯಾಗಿ ಹೇಳುತ್ತೇನೆ. ನನ್ನ ಹೆಂಡತಿ ಹಾಲಿಟ್ಟರೆ ಸೌಟನ್ನು ಕೈಯಿಂದ ಬಿಡುವುದಿಲ್ಲ. ಯಾರೋ ಕರೆದರೆಂದು ಅಂಗಳಕ್ಕೆ ಹೋದರೂ ಸೌಟು ಕೈಯಲ್ಲೇ ಇರುತ್ತದೆ, ಅದೇ ಅವಳನ್ನು ವಾಪಸು ಕರೆತರುತ್ತದೆ. ಬೀಗದ ಕೈಗೆ ಬಾಗಿಲ ಪಕ್ಕ ಒಂದು ಮೊಳೆ ಸಾಕು.

ಇನ್ನೊಂದು, ದಯವಿಟ್ಟು ಉದಾಸೀನ ಮಾಡಬೇಡಿ. ಮೂರು ವರ್ಷದ ಹಿಂದೆ ನನಗೆ ಪರಿಚಯದವರ ಹೆಸರೇ ನಾಲಿಗೆಗೆ ಬರುತ್ತಿರಲಿಲ್ಲ, ಪಾದ ಜೋಮು ಹಿಡಿಯುತ್ತಿತ್ತು. ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಬಿ12 ತೀರಾ ಕಡಿಮೆ ಎಂದು ಬಂತು. ನಾವು ಮಾಂಸ, ಮೊಟ್ಟೆ ತಿನ್ನದವರು. ಚಿಕಿತ್ಸೆಯಾದ ಕೆಲವು ತಿಂಗಳಲ್ಲಿ ಸುಧಾರಿಸಿದೆ. ಥೈರಾಯ್ಡ್ ಕಡಿಮೆಯಾದರೂ ಮಂಪರು, ಮರೆವು ಬರುತ್ತದೆ. ನೀವು ಎರಡನ್ನೂ ಪರೀಕ್ಷೆ ಮಾಡಿಸಿಕೊಳ್ಳಿ.

ಕುಶಾಲನಗರದಿಂದ

ಅಕ್ಕ, ನಾನು ಸಂಜೆಯ ಕಾಫಿಯ ಬಗ್ಗೆ ಹೇಳುತ್ತೇನೆ. ನಮ್ಮಲ್ಲಿ ಮನೆಪುಡಿ ಅಂದರೆ ರೊಬಸ್ಟಾ ಜಾತಿಯ ಕಾಫಿಯೇ ಹೆಚ್ಚು. ಅದರಲ್ಲಿ ಅರೇಬಿಕಾ ಜಾತಿಗಿಂತ ಕೆಫೀನ್, ಅಂದರೆ ನಿದ್ದೆ ಓಡಿಸುವ ಅಂಶ, ಸುಮಾರು ಎರಡು ಪಟ್ಟು. ಕುಡಿದು ಐದಾರು ಗಂಟೆ ಕಳೆದರೂ ಅರ್ಧದಷ್ಟು ಮೈಯಲ್ಲೇ ಇರುತ್ತದೆ. ಏಳಕ್ಕೆ ಕುಡಿದು ಹತ್ತೂವರೆಗೆ ಮಲಗಿದರೆ ನಿದ್ದೆ ಬಂದರೂ ಗಾಢವಾಗುವುದಿಲ್ಲ. ಹಗಲು ಕಲಿತದ್ದನ್ನು ಮೆದುಳು ಗಟ್ಟಿ ಮಾಡಿಕೊಳ್ಳುವುದು ಅಂಥ ನಿದ್ದೆಯಲ್ಲೇ. ನಾನು ಕೊನೆಯ ಲೋಟವನ್ನು ಮಧ್ಯಾಹ್ನ ಎರಡಕ್ಕೆ ತಂದೆ. ಯಾರ ಮನೆಗೆ ಹೋದರೂ ಮೊದಲು ಕಾಫಿ ಕೊಡುವ ಊರಿನಲ್ಲಿ ಬೇಡ ಅನ್ನುವುದು ಕಷ್ಟ. ಶುಂಠಿ, ಬೆಲ್ಲ ಹಾಕಿದ ಕಷಾಯ ಕೇಳುತ್ತೇನೆ, ಯಾರೂ ಬೇಸರ ಮಾಡಿಕೊಂಡಿಲ್ಲ.

ಮೊಬೈಲಿಗೆ ಬಂದರೆ, ಆಗಸ್ಟ್ ಮಳೆಗೆ ಕರೆಂಟೂ ನೆಟ್‌ವರ್ಕೂ ಹೋದ ಮೂರು ದಿನದಲ್ಲಿ ಓದಿದಷ್ಟು ನಾನು ಆ ತಿಂಗಳಿಡೀ ಓದಿರಲಿಲ್ಲ. ಈಗ ರಾತ್ರಿ ಎಂಟರಿಂದ ಒಂಬತ್ತು ಫೋನ್ ಅತ್ತೆಯ ಕೋಣೆಯಲ್ಲಿರುತ್ತದೆ. ಮಗುಚಿ ಪಕ್ಕದಲ್ಲಿಟ್ಟುಕೊಂಡರೆ ಸಾಲದು, ಎದ್ದು ಹೋಗಿ ತರಬೇಕಾದಷ್ಟು ದೂರ ಇರಲಿ.

ಸೋಮವಾರಪೇಟೆಯಿಂದ

ಒಂದೆಲಗ ತಿನ್ನಿ ಎಂದು ಎಲ್ಲರೂ ಹೇಳುತ್ತಾರೆ. ಗದ್ದೆ ಬದಿಯದ್ದು ತಂದು ನಾವೂ ಚಟ್ನಿ ಮಾಡುತ್ತೇವೆ, ಊಟಕ್ಕೆ ಬಲು ರುಚಿ. ಪರೀಕ್ಷೆಗೆ ಮಾತ್ರ ಅದನ್ನು ನೆಚ್ಚಿಕೊಳ್ಳಬೇಡಿ. ಅಂಗಡಿಯ ‘ಬ್ರಾಹ್ಮಿ’ ಮಾತ್ರೆ ಕೊಳ್ಳುವುದಾದರೆ ಇನ್ನೂ ಎಚ್ಚರ ಬೇಕು. ಒಂದೆಲಗ, ನೀರುಬ್ರಾಹ್ಮಿ ಎರಡೂ ಬೇರೆ ಗಿಡ, ಎರಡಕ್ಕೂ ಅದೇ ಹೆಸರು ಹೇಳುತ್ತಾರೆ.

ನಮ್ಮಪ್ಪನಿಗೆ 74. ಹೇಳಿದ್ದೆಲ್ಲ ಮರೆಯುತ್ತಾರೆ ಎಂದು ಎರಡು ವರ್ಷ ಸಂಕಟಪಟ್ಟೆವು. ಪರೀಕ್ಷೆ ಮಾಡಿಸಿದರೆ ಕಿವಿ ಮಂದ. ಅರ್ಧ ಮಾತು ಅವರಿಗೆ ಕೇಳಿಸಿಯೇ ಇರಲಿಲ್ಲ. ಕಿವಿಗೆ ಮೆಷಿನ್ ಹಾಕಿಸಿದ ಮೇಲೆ ಬಹಳಷ್ಟು ‘ಮರೆವು’ ಹೋಯಿತು, ಮನೆಮಂದಿಯ ಜೊತೆ ಮಾತೂ ಮರಳಿತು. ಈಗ ದಿನಾ ತೋಟದಲ್ಲಿ ಒಂದು ಸುತ್ತು ನಡೆದು ಬಂದು ‘ಶಕ್ತಿ’ ಪತ್ರಿಕೆ ಓದುತ್ತಾರೆ. ಮಡಚಿಟ್ಟು ಮೂರು ಸುದ್ದಿ ಅಮ್ಮನಿಗೆ ಹೇಳುತ್ತಾರೆ. ಮೊನ್ನೆ ಮೂರನೆಯದು ಹೊಳೆಯಲಿಲ್ಲ. ಪತ್ರಿಕೆ ಅಮ್ಮನ ಮಡಿಲಲ್ಲೇ ಇತ್ತು. ಅಮ್ಮ ತೆರೆಯದೆ, ಹೇಳಿಕೊಡದೆ, ಕಾಯುತ್ತಾ ಕೂತರು.