ಪದ ಬೇಕು: ‘ಕಮ್ಯುನಿಟಿ ಅಡ್ವೊಕೆಸಿ’ಗೆ ಕನ್ನಡ (ಇವತ್ತೇ ಬೇಕು, ಫ್ಲೆಕ್ಸ್‌ಗೆ)

ಹಿರಿಯೂರಿನಿಂದ:
ಎಲ್ಲರಿಗೂ ನಮಸ್ಕಾರ. ನಮ್ಮ ಕಡೆ ಬೋರ್‌ವೆಲ್ ನೀರಿನ ಫ್ಲೋರೈಡ್ ವಿಷಯವಾಗಿ ಊರವರೆಲ್ಲ ಸೇರಿ ಒಂದು ಸಭೆ ಇಟ್ಟುಕೊಂಡಿದ್ದೇವೆ. ಆಶಾ ಕಾರ್ಯಕರ್ತೆಯರು, ಸ್ವಸಹಾಯ ಸಂಘದವರು, ಗ್ರಾಮ ಆರೋಗ್ಯ ನೈರ್ಮಲ್ಯ ಸಮಿತಿಯವರು ಬರುತ್ತಾರೆ. ಕೇಳೋದು ಇಷ್ಟೇ: ಪ್ರತಿ ಬೋರ್‌ವೆಲ್‌ನ ನೀರಿನ ಪರೀಕ್ಷೆ ಫಲಿತಾಂಶವನ್ನು ಪಂಚಾಯ್ತಿ ಗೋಡೆ ಮೇಲೆ ಬರೆಸಬೇಕು, ಕೆಟ್ಟು ನಿಂತ ಶುದ್ಧ ನೀರಿನ ಘಟಕ ರಿಪೇರಿ ಮಾಡೋದು ಯಾರ ಜವಾಬ್ದಾರಿ ಅಂತ ಲಿಖಿತ ನಿಯಮ ಆಗಬೇಕು. ಇಂಗ್ಲಿಷ್ ಕರಡಿನಲ್ಲಿ ‘ಕಮ್ಯುನಿಟಿ ಅಡ್ವೊಕೆಸಿ ಫಾರ್ ಪಬ್ಲಿಕ್ ಹೆಲ್ತ್ ಪಾಲಿಸಿ’ ಅಂತಿದೆ, ಅಂದ್ರೆ ಆರೋಗ್ಯದ ನಿಯಮಗಳಿಗಾಗಿ ಜನರೇ ಸೇರಿ ದನಿ ಎತ್ತೋದು. ಸಂಜೆ ಆರಕ್ಕೆ ಫ್ಲೆಕ್ಸ್ ಅಂಗಡಿಯವರಿಗೆ ಕೊಡಬೇಕು. ಏನಂತ ಬರೆಸಲಿ?

ಮೈಸೂರಿನಿಂದ:
ಸಾರ್ವಜನಿಕ ಆರೋಗ್ಯ ನೀತಿಗಾಗಿ ಸಮುದಾಯ ಪ್ರತಿಪಾದನೆ. ಇದರಲ್ಲಿ ಚರ್ಚೆ ಮಾಡುವಂಥದ್ದು ಏನಿದೆ?

ದಾವಣಗೆರೆಯಿಂದ:
ಇದೆ. ಫ್ಲೆಕ್ಸ್ ಮೇಲೆ ‘ಸಮುದಾಯ’ ಅಂತ ಬರೆದರೆ ನಮ್ಮ ಕಡೆ ಜನ ಮೊದಲು ಕೇಳೋದು “ಯಾವ ಸಮುದಾಯದವರ ಸಭೆ?” ಅಂತ. ಪೇಪರಿನಲ್ಲಿ ಈ ಪದ ಜಾತಿಗೆ ಮರ್ಯಾದೆಯ ಹೆಸರಾಗಿ ಎಷ್ಟೋ ಕಾಲ ಆಯ್ತು. ಅದು ಬೇಡ. ‘ಜನ’ ಅನ್ನಿ, ‘ಊರವರು’ ಅನ್ನಿ. ‘ಪ್ರತಿಪಾದನೆ’ ಭಾಷಣದ ಪದ. ಒಬ್ಬರು ವೇದಿಕೆ ಮೇಲೆ ನಿಂತು ಪ್ರತಿಪಾದಿಸುತ್ತಾರೆ, ಉಳಿದವರು ಕೂತು ಕೇಳುತ್ತಾರೆ.

ಶಿವಮೊಗ್ಗದಿಂದ:
ಸಂಸ್ಕೃತ ಬಿಡಿ. ಅಚ್ಚಗನ್ನಡದ ‘ಹಕ್ಕೊತ್ತಾಯ’ ಇರುವಾಗ ಹುಡುಕಾಟ ಯಾಕೆ? ಹಕ್ಕು + ಒತ್ತಾಯ. ಎರಡೂ ನಮ್ಮವೇ.

ಧಾರವಾಡದಿಂದ:
‘ಹಕ್ಕು’ ಅರಬ್ಬಿಯ ‘ಹಕ್’. ಇದು ಗೊತ್ತಿಲ್ಲದೆ ಅಚ್ಚಗನ್ನಡದ ಪಾಠ ಬೇಡ.

ಶಿವಮೊಗ್ಗದಿಂದ:
ಪಕ್ಕಿ ಹಕ್ಕಿ ಆಯ್ತು, ಪಾಲು ಹಾಲು ಆಯ್ತು. ‘ಪಕ್ಕು’ ಹಕ್ಕು ಆಗಿರಬಾರದೇಕೆ? ಒಬ್ಬರ ಪಕ್ಕಕ್ಕೆ ಸೇರಿದ್ದು ಅವರ ಹಕ್ಕು.

ಧಾರವಾಡದಿಂದ:
ಆ ಅರ್ಥದಲ್ಲಿ ‘ಪಕ್ಕು’ ಬಂದಿರುವ ಒಂದು ಶಾಸನ ತೋರಿಸಿ. ಒಂದು ಸಾಕು. ‘ಪಕ್ಕ’ ಬೇರೆ ಸಂಸ್ಕೃತದ ‘ಪಕ್ಷ’ದಿಂದ ಬಂದ ತದ್ಭವ. ಅಚ್ಚಗನ್ನಡ ಅಂತ ಹೊರಟು ಎಲ್ಲಿಗೆ ಬಂದಿರಿ ನೋಡಿ.
ಹೇಗಿದ್ದರೂ ನೀವು ಕೂಗಬೇಕಾದ ಜಾಗ ತಾಲ್ಲೂಕು ಕಚೇರಿ. ತಾಲ್ಲೂಕು, ಜಿಲ್ಲೆ, ತಹಸೀಲ್ದಾರ್, ಅರ್ಜಿ, ದಾಖಲೆ ಎಲ್ಲಾ ಹೊರಗಿಂದಲೇ ಬಂದವು. ಅದೇ ಸಾಲಿನ ‘ವಕಾಲತ್ತು’ ಬಳಸಿ. ಅಡ್ವೊಕೇಟ್ ಅಂದ್ರೆ ವಕೀಲ, ಅಡ್ವೊಕೆಸಿ ಅಂದ್ರೆ ವಕಾಲತ್ತು. ‘ಜನರ ವಕಾಲತ್ತು’. ಮುಗೀತು.

ಬೆಂಗಳೂರಿನಿಂದ:
ವಕಾಲತ್ತು ಹಾಕೋದು ಕೋರ್ಟಿನಲ್ಲಿ. ಆ ಫ್ಲೆಕ್ಸ್ ನೋಡಿದವರು ಕೇಸ್ ಹಾಕಿದ್ದಾರೆ ಅಂದುಕೊಳ್ಳುತ್ತಾರೆ. ಸುಮ್ನೆ ‘ಅಡ್ವೊಕೆಸಿ’ ಅಂತಲೇ ಬಿಡಿ. ಸಂಸ್ಥೆಗಳವರ ತರಬೇತಿಯಲ್ಲಿ ಎಲ್ಲರೂ ಅದನ್ನೇ ಅನ್ನೋದು, ಅಲ್ವಾ?

ಶಿವಮೊಗ್ಗದಿಂದ:
ಹಾಗಾದರೆ ಇಡೀ ಫ್ಲೆಕ್ಸನ್ನು ಇಂಗ್ಲಿಷಿನಲ್ಲೇ ಮಾಡಿಸಿ.

ದಾವಣಗೆರೆಯಿಂದ:
ಜಗಳ ಆಮೇಲೆ. ‘ಹಕ್ಕೊತ್ತಾಯ’ದ ತೊಂದರೆ ಅದರ ಮೂಲದಲ್ಲಿಲ್ಲ, ಬಳಕೆಯಲ್ಲಿದೆ. ಧರಣಿ ಕೂತವರು ಕರಪತ್ರದ ಕೊನೆಗೆ ‘ನಮ್ಮ ಹಕ್ಕೊತ್ತಾಯಗಳು’ ಅಂತ ಪಟ್ಟಿ ಹಾಕುತ್ತಾರಲ್ಲ, ಜನರಿಗೆ ಅದು ಅಷ್ಟೇ. ಬೇಡಿಕೆಯ ಪಟ್ಟಿ. ಅಡ್ವೊಕೆಸಿ ಅದಕ್ಕಿಂತ ಉದ್ದದ ಕೆಲಸ. ನೀರಿನ ಮಾದರಿ ಕೊಟ್ಟು ಪರೀಕ್ಷೆ ಮಾಡಿಸಬೇಕು. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಅಂತ ಭಾರತೀಯ ಮಾನಕ ಬ್ಯೂರೋ ಹೇಳಿದೆ. ಆ ಅಂಕಿ ಹಿಡಿದು ಗ್ರಾಮಸಭೆಯಲ್ಲಿ ಮಾತಾಡಬೇಕು, ನಿರ್ಣಯ ಬರೆಸಬೇಕು, ಮತ್ತೆ ಹೋಗಿ ಏನಾಯ್ತು ಅಂತ ಕೇಳಬೇಕು. ನೀರು ಕುದಿಸಿದರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾಗಿ ಅದು ಜಾಸ್ತಿಯೇ ಆಗುತ್ತದೆ ಅಂತ ಊರವರಿಗೂ ತಿಳಿಸಬೇಕು. ಇಷ್ಟೆಲ್ಲ ‘ಒತ್ತಾಯ’ದಲ್ಲಿ ಬರಲ್ಲ. ಆದರೆ ಫ್ಲೆಕ್ಸ್ ಮೇಲೆ ಇಷ್ಟೆಲ್ಲ ಬರಬೇಕಾಗಿಯೂ ಇಲ್ಲ.

ಮೈಸೂರಿನಿಂದ:
ಪಾರಿಭಾಷಿಕ ಪದ ಅಂದ್ರೆ ಒಂದು ಶಿಸ್ತು ಇರಬೇಕು. ಫ್ಲೆಕ್ಸಿಗೊಂದು, ವರದಿಗೊಂದು ಅಂತ ಮಾಡಲಾಗದು.

ದಾವಣಗೆರೆಯಿಂದ:
ಯಾಕೆ ಆಗದು? 1907ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟಿಗೆ ದಾಖಲೆಯಲ್ಲಿ ವಾಣಿ ವಿಲಾಸ ಸಾಗರ ಅಂತ ಹೆಸರು. ಹಿರಿಯೂರಿನವರನ್ನೇ ಕೇಳಿ, ಮಾರಿಕಣಿವೆ ಅಂತಾರೆ. ಎರಡು ಹೆಸರಿಂದ ನೀರಿಗೇನೂ ಗೊಂದಲ ಆಗಿಲ್ಲ.

ಕಲಬುರಗಿಯಿಂದ:
‘ಅಹವಾಲು’ ಯಾರಿಗೂ ನೆನಪಾಗಲಿಲ್ಲವೇ? ಅದೂ ಅರಬ್ಬಿಯೇ, ‘ಹಾಲ್’ ಅಂದ್ರೆ ಸ್ಥಿತಿ, ಅದರ ಬಹುವಚನ. ಜನರ ಸ್ಥಿತಿಗತಿ ಹೇಳಿಕೊಳ್ಳೋದು. ಹಳ್ಳಿಯಲ್ಲಿ ಎಲ್ಲರಿಗೂ ಅರ್ಥ ಆಗುತ್ತೆ.

ಹಿರಿಯೂರಿನಿಂದ:
ಅಹವಾಲು ಅಂದ್ರೆ ಸಾಹೇಬರು ಕುರ್ಚಿ ಮೇಲೆ, ನಾವು ಕೈಕಟ್ಟಿ ನಿಂತು ಹೇಳಿಕೊಳ್ಳೋದು ಅಂತ ಸಂಘದ ಹೆಂಗಸರು ಆಗಲೇ ಬೇಡ ಅಂದರು. ಇಲ್ಲಿ ಬಂದ ಪದಗಳನ್ನೆಲ್ಲ ಓದಿ ಹೇಳಿದೆ. ‘ಪ್ರತಿಪಾದನೆ’ಗೆ ಒಬ್ಬರು ಆಕಳಿಸಿದರು. ಕೊನೆಗೆ ಹೀಗೆ ಬರೆಸಿದ್ದೇವೆ:

ಫ್ಲೋರೈಡ್ ಇಲ್ಲದ ನೀರು ನಮ್ಮ ಹಕ್ಕು
ಊರವರ ಆರೋಗ್ಯ ಹಕ್ಕೊತ್ತಾಯ ಸಭೆ

‘ನೀತಿ’ ಕೈಬಿಟ್ಟೆವು. ಅದನ್ನು ಓದಿ ಒಬ್ಬ ಅಜ್ಜ “ನೀತಿಪಾಠ ಯಾರು ಹೇಳ್ತಾರೆ?” ಅಂದರು. ವರದಿಯ ಅನುವಾದದಲ್ಲಿ ‘ಆರೋಗ್ಯ ನೀತಿಗಾಗಿ ಜನರ ಪರ ಒತ್ತಾಸೆ’ ಅಂತ ಹಾಕೋಣ ಅಂದುಕೊಂಡಿದ್ದೇನೆ. ಅದಕ್ಕೆ ಇನ್ನೂ ಸಮಯ ಇದೆ, ಅಭಿಪ್ರಾಯ ಹೇಳಿ.

ಧಾರವಾಡದಿಂದ:
ಒತ್ತಾಸೆ ಅಂದ್ರೆ ಬೆಂಬಲ. ಅಡ್ವೊಕೆಸಿ ಅಲ್ಲ.

ಶಿವಮೊಗ್ಗದಿಂದ:
ಒತ್ತಾಸೆ ಚೆನ್ನಾಗಿದೆ, ಇರಲಿ. ಆದರೆ ‘ಸಭೆ’ ಸಂಸ್ಕೃತ. ಇನ್ನೂ ಅಚ್ಚಾಗಿಲ್ಲ ಅಂದ್ರೆ ‘ಕೂಟ’ ಮಾಡಿಸಿ.

ಹಿರಿಯೂರಿನಿಂದ:
ಅಚ್ಚಾಯ್ತು ಸರ್.