ಕರೆಂಟ್ ಹೋದ್ಮೇಲೆ ಫ್ರೀಜರಲ್ಲಿರೋ ಪೋರ್ಕ್ ಸರಿ ಇದ್ಯಾ ಅಂತ ಸೆನ್ಸರ್ ಹೇಳುತ್ತಾ?

ನಾಪೋಕ್ಲು_ಹೋಮ್‌ಸ್ಟೇ:
ನಮಸ್ಕಾರ ಎಲ್ರಿಗೂ. ಕೊಡಗಿನ ನಾಪೋಕ್ಲು ಹತ್ರ ನಮ್ದೊಂದು ಸಣ್ಣ ಹೋಮ್‌ಸ್ಟೇ, ಮೂರೇ ರೂಮು. ಜುಲೈ ಗಾಳಿಗೆ ಮರ ಲೈನ್ ಮೇಲೆ ಬಿದ್ರೆ ಎರಡು ದಿನ ಕರೆಂಟ್ ಇಲ್ಲ ಅನ್ನೋದನ್ನ ಇಲ್ಲಿಯವ್ರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ. ಹೋದ ವರ್ಷ ಹಾಗೇ ಆಗಿ 8 ಕೆಜಿ ಪೋರ್ಕ್ ಸರಿ ಇದ್ಯೋ ಇಲ್ವೋ ಗೊತ್ತಾಗ್ದೆ ಅಷ್ಟನ್ನೂ ಗುಂಡಿ ತೋಡಿ ಹೂತೆ, ನಮ್ಮ ನಾಯಿ ಮೂರು ದಿನ ಆ ಜಾಗ ಬಿಟ್ಟು ಕದಲ್ಲಿಲ್ಲ. ಈ ಸಲ ಅಕ್ಕನ ಮಗ ಬೆಂಗಳೂರಿಂದ ಎಂಕ್ಯೂ-135 ಅನ್ನೋ ಗ್ಯಾಸ್ ಸೆನ್ಸರ್, ಅದನ್ನ ಓದೋಕೆ ಆರ್ಡುಯಿನೋ ಅನ್ನೋ ಒಂದು ಸಣ್ಣ ಸರ್ಕ್ಯೂಟ್ ಬೋರ್ಡ್ ತಂದು ಕೊಟ್ಟಿದಾನೆ. ಮಾಂಸ ಕೆಟ್ರೆ ಅಮೋನಿಯಾ ಬರುತ್ತೆ, ನಂಬರ್ ಏರುತ್ತೆ ಅಂದ. ಸ್ಟೀಲ್ ಡಬ್ಬಿಲಿ ಫ್ರೆಶ್ ಮಾಂಸ ಇಟ್ಟೆ, 310. ಖಾಲಿ ಡಬ್ಬಿ ಇಟ್ಟೆ, 340! ಸೌದೆ ಒಲೆ ಹಚ್ಚಿದ್ರಂತೂ 500 ದಾಟುತ್ತೆ. ಸೆನ್ಸರ್ರೇ ಕೆಟ್ಟಿದ್ಯಾ ಹೇಗೆ?

ಕುಶಾಲನಗರ_ಸೋಲ್ಡರ್:
ಸೆನ್ಸರ್ ಕೆಟ್ಟಿಲ್ಲ ಅಣ್ಣ, ಅದು ಇರೋದೇ ಹಾಗೆ. ಒಳಗೆ ಟಿನ್ ಆಕ್ಸೈಡ್ ಇರುತ್ತೆ, ಹೀಟರ್ ಅದನ್ನ ಬಿಸಿ ಇಡುತ್ತೆ, ಗ್ಯಾಸ್ ತಾಗಿದ್ರೆ ರೆಸಿಸ್ಟೆನ್ಸ್ ಬೀಳುತ್ತೆ, ನಂಬರ್ ಏರುತ್ತೆ. ಯಾವ ಗ್ಯಾಸು ಅಂತ ಅದಕ್ಕೆ ಗೊತ್ತಾಗಲ್ಲ, ಹೊಗೆ, ಆಲ್ಕೋಹಾಲು, ಅಮೋನಿಯಾ ಎಲ್ಲಾ ಒಂದೇ. ತೇವಕ್ಕೂ ನಂಬರ್ ಬದಲಾಗುತ್ತೆ, ಡೇಟಾಶೀಟಿನ (ಕಂಪನಿ ಕೊಡೋ ವಿವರದ ಹಾಳೆ) ಗ್ರಾಫ್ ತೆಗೆದು ನೋಡಿ, ತೇವಾಂಶ ಶೇ. 33 ಇದ್ದಾಗ ಒಂದು ಗೆರೆ, ಶೇ. 85ಕ್ಕೆ ಬೇರೆ ಗೆರೆ. ನಿಮ್ಮಲ್ಲಿ ಜುಲೈಲಿ ಗೋಡೇನೇ ಬೆವರುತ್ತೆ, ಖಾಲಿ ಡಬ್ಬಿಗೆ 340 ಬರ್ದೆ ಇನ್ನೇನು ಬರುತ್ತೆ? ಹೊಸದನ್ನ ಕನಿಷ್ಠ 24 ಗಂಟೆ ಆನ್ ಮಾಡಿಟ್ಟು ಆಮೇಲೆ ಬಳಸ್ಬೇಕು, ಅದೂ ಮಾಡಿರಲ್ಲ ನೀವು. ಕರೆಂಟ್ ಹೋದಾಗ ಅದರ ಹೀಟರ್ಗೆ ಕರೆಂಟ್ ಎಲ್ಲಿಂದ ತರ್ತೀರ ಅಂತ ಅಕ್ಕನ ಮಗನ್ನ ಕೇಳಿ ಒಂದ್ಸಲ 😄

ಬೀಕರ್_ವಿರಾಜಪೇಟೆ:
ಐಡಿಯಾ ತಪ್ಪಲ್ಲ ಆದ್ರೆ. ಮಾಂಸದ ಪ್ರೋಟೀನನ್ನ ಬ್ಯಾಕ್ಟೀರಿಯಾ ಒಡೆದಾಗ ಅಮೋನಿಯಾ, ಜೊತೆಗೆ ಪುಟ್ರೆಸಿನ್, ಕೆಡಾವರಿನ್ ಅಂತ ಅಮೈನ್‌ಗಳು (ಅಮೋನಿಯಾ ಜಾತಿಯ ನಾತದ ವಸ್ತುಗಳು) ಬರುತ್ತೆ, ಮೀನಲ್ಲಾದ್ರೆ ಟ್ರೈಮೀಥೈಲಮೈನ್. 2015ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವ್ರು ಕಾರ್ಬನ್ ನ್ಯಾನೋಟ್ಯೂಬಿಗೆ (ಕಾರ್ಬನ್ನಿನ ಅತಿ ಸಣ್ಣ ಕೊಳವೆ) ಕೋಬಾಲ್ಟ್ ಇರೋ ಪೋರ್ಫಿರಿನ್ ಅನ್ನೋ ರಾಸಾಯನಿಕ ಸೇರಿಸಿ ಬರೀ ಅಮೈನ್ ಹಿಡಿಯೋ ಸೆನ್ಸರ್ ಮಾಡಿ, ಪೋರ್ಕ್, ಕೋಳಿ, ಕಾಡ್, ಸಾಲ್ಮನ್ ಮೀನುಗಳ ಮೇಲೆ ನಾಲ್ಕು ದಿನ ಟೆಸ್ಟ್ ಮಾಡಿದ್ರು. ನಮ್ಮೂರಿಗೆ ಒಗ್ಗೋದು ಅಂದ್ರೆ ಲಂಡನ್ನಿನ ಇಂಪೀರಿಯಲ್ ಕಾಲೇಜಿಂದು, 2019. ಪೇಪರ್ ಮೇಲೆ ಕಾರ್ಬನ್ ಎಲೆಕ್ಟ್ರೋಡ್ ಪ್ರಿಂಟ್ ಮಾಡಿದ್ದು, ಪೇಪರ್ ಹೀರಿದ ನೀರಲ್ಲಿ ಅಮೋನಿಯಾ ಕರಗಿ ಕರೆಂಟ್ ಹರಿಯೋದು ಜಾಸ್ತಿ ಆಗುತ್ತೆ, ಅಂದ್ರೆ ಎಂಕ್ಯೂಗೆ ಶತ್ರು ಆಗಿರೋ ತೇವಾಂಶಾನೇ ಇದಕ್ಕೆ ಬೇಕು. ಒಂದಕ್ಕೆ ಅಮೆರಿಕದ ಎರಡು ಸೆಂಟ್ ಖರ್ಚು, ಫೋನ್ ಹಿಡಿದ್ರೆ ಓದ್ಬಹುದು. ಮನೇಲಿ ಬಣ್ಣ ಬದಲಾಗೋ ಅರಿಶಿನ ಪೇಪರ್ ಮಾಡ್ತೀನಿ ಅಂತ ಹೊರಡ್ಬೇಡಿ, ಅರಿಶಿನ ಕೆಂಪಾಗೋಕೆ ಒಳ್ಳೆ ಕ್ಷಾರ ಬೇಕು, ಸುಣ್ಣ ಸೇರಿಸಿ ಕುಂಕುಮ ಮಾಡಲ್ವಾ, ಹಾಗೆ. ಅಷ್ಟೊತ್ತಿಗೆ ಮೂಗೇ ಹೇಳಿರುತ್ತೆ.

ಒಲೆಹೊಗೆ:
ಇಷ್ಟೆಲ್ಲಾ ಯಾಕೆ ಮಾರಾಯ್ರೆ, ಎರಡು ಚಮಚ ಕಾಚಂಪುಳಿ (ನಮ್ಮ ಕೊಡಗಿನ ಕಪ್ಪು ಹುಳಿ) ಜಾಸ್ತಿ ಹಾಕಿ ಚೆನ್ನಾಗಿ ಬೇಯಿಸಿದ್ರೆ ಏನೂ ಆಗಲ್ಲ. ನಮ್ಮಜ್ಜಿ ಕಾಲದಲ್ಲಿ ಫ್ರೀಜರ್ ಎಲ್ಲಿತ್ತು.

ಬೀಕರ್_ವಿರಾಜಪೇಟೆ:
ದಯವಿಟ್ಟು ಇದನ್ನ ಯಾರೂ ಮಾಡ್ಬೇಡಿ. ಅಮೈನ್ ಕ್ಷಾರ, ಕಾಚಂಪುಳಿ ಹುಳಿ. ಎರಡೂ ಸೇರಿದ್ರೆ ಉಪ್ಪಾಗಿ ಅಲ್ಲೇ ಕೂತ್ಕೊಳ್ಳುತ್ತೆ, ಗಾಳಿಗೇ ಬರಲ್ಲ. ಮೀನಿಗೆ ನಿಂಬೆ ಹಿಂಡಿದ್ರೆ ವಾಸನೆ ಹೋಗೋದು ಇದಕ್ಕೇ. ವಾಸನೆ ಹೋಯ್ತು, ಮಾಂಸ ಕೆಟ್ಟಿರೋದು ಹಾಗೇ ಇದೆ, ನಿಮ್ಮ ಮೂಗೂ ಮೋಸ ಹೋಯ್ತು, ಎಂಐಟಿ ಸೆನ್ಸರ್ ಇಟ್ರೂ ಮೋಸ ಹೋಗುತ್ತೆ. ಇನ್ನು ಸ್ಟ್ಯಾಫಿಲೋಕಾಕಸ್ ಅನ್ನೋ ಬ್ಯಾಕ್ಟೀರಿಯಾ ಬಿಟ್ಟಿರೋ ವಿಷ ಕುದಿಸಿದ್ರೂ ಹೋಗಲ್ಲ, ಸಾಲ್ಮೊನೆಲ್ಲಾ ಅನ್ನೋ ಇನ್ನೊಂದು ಬ್ಯಾಕ್ಟೀರಿಯಾ ಇದ್ರೆ ವಾಸನೇನೇ ಬರ್ಬೇಕು ಅಂತಿಲ್ಲ. ನಿಮ್ಮಜ್ಜಿ ಹಂದಿ ಕಡಿದ ದಿನಾನೇ ಹಂಚಿ ತಿಂದು, ಉಳಿದಿದ್ದನ್ನ ಒಲೆ ಮೇಲೆ ಹೊಗೆಗೆ ತೂಗು ಹಾಕಿರ್ತಾರೆ, ಎರಡು ದಿನ ಕರಗಿದ್ದನ್ನ ಅಡುಗೆ ಮಾಡಿರಲ್ಲ.

ಸೋಮವಾರಪೇಟೆ_ಅಕ್ಕ:
ನೀವು ಕೇಳ್ಬೇಕಾಗಿದ್ದು ವಾಸನೆ ಬಂತಾ ಅಂತ ಅಲ್ಲ ತಮ್ಮಾ, ಎಷ್ಟು ಕರಗಿತ್ತು ಅಂತ. ಒಂದು ಲೋಟ ನೀರು ಫ್ರೀಜರಲ್ಲಿಟ್ಟು ಗಟ್ಟಿ ಮಾಡಿ, ಮೇಲೆ ಒಂದು ರೂಪಾಯಿ ನಾಣ್ಯ ಇಡಿ, ಬಿಟ್ಬಿಡಿ. ಕರೆಂಟ್ ಹೋಗಿ ಬಂದ್ಮೇಲೆ ನಾಣ್ಯ ಮೇಲೇ ಇದ್ರೆ ಸರಿ. ತಳ ಸೇರಿದ್ರೆ ಪೂರ್ತಿ ಕರಗಿ ಮತ್ತೆ ಗಟ್ಟಿಯಾಗಿದೆ ಅಂತ, ಆಮೇಲೆ ಯೋಚ್ನೆ ಮಾಡೋಕೆ ಹೋಗ್ಬೇಡಿ, ಎಸೀರಿ. ಫ್ರೀಜರ್ ತುಂಬಿದ್ದು ಬಾಗಿಲು ತೆಗೀದೆ ಇದ್ರೆ ಹತ್ತಿರ ಹತ್ತಿರ 48 ಗಂಟೆ ತಡೆಯುತ್ತೆ, ಅರ್ಧ ಖಾಲಿ ಇದ್ರೆ 24. ಹಾಗಾಗಿ ಜಾಗ ಉಳಿದ್ರೆ ನೀರಿನ ಬಾಟ್ಲಿ ತುಂಬಿಸಿಡಿ. ನಮ್ಮನೇಲಿ ಹೋಮ್‌ಸ್ಟೇ ಶುರು ಮಾಡಿದಾಗಿಂದ ಲೋಟ ಅಲ್ಲೇ ಇದೆ, ಗೆಸ್ಟ್ ಒಬ್ರು ಐಸ್ ಅಂತ ತೆಗೆದು ಡ್ರಿಂಕ್ಸ್‌ಗೆ ಹಾಕ್ಕೊಂಡಿದ್ರು ಒಂದ್ಸಲ, ನಾಣ್ಯ ಸಮೇತ.

ನಾಪೋಕ್ಲು_ಹೋಮ್‌ಸ್ಟೇ:
ಅಕ್ಕ ಥ್ಯಾಂಕ್ಸ್. ಮೂರು ವಾರ ಆದ್ಮೇಲೆ ಬರೀತಿದೀನಿ. ಮೊನ್ನೆ ಶುಕ್ರವಾರ ಸಂಜೆ ಹೋದ ಕರೆಂಟ್ ಭಾನುವಾರ ಮಧ್ಯಾಹ್ನ ಬಂತು. ಸೋಮವಾರ ತೆಗೆದು ನೋಡಿದ್ರೆ ನಾಣ್ಯ ಲೋಟದ ತಳದಲ್ಲಿ, ಮೇಲೆ ಐಸ್ ಎಷ್ಟು ಚೆನ್ನಾಗಿ ಕೂತಿತ್ತು ಅಂದ್ರೆ ನಾಣ್ಯ ಇಟ್ಟಿರ್ಲಿಲ್ಲ ಅಂದ್ರೆ ಏನೂ ಆಗಿಲ್ಲ ಅನ್ಕೊಂಡು ಗೆಸ್ಟಿಗೆ ಬಡಿಸ್ತಿದ್ದೆ. ಪ್ಯಾಕೆಟ್ ಮೂಸಿ ನೋಡ್ದೆ, ವಾಸನೆ ಏನೂ ಇರ್ಲಿಲ್ಲ. 5 ಕೆಜಿ ಹೋಯ್ತು. ಗೆಸ್ಟಿಗೆ ಕಣಿಲೆ ಪಲ್ಯ, ಅಕ್ಕಿ ರೊಟ್ಟಿ ಮಾಡಿದ್ವಿ, ಅವ್ರೇನೂ ಬೇಜಾರಾಗ್ಲಿಲ್ಲ. ಈ ಸಲ ಗುಂಡಿ ಮೇಲೆ ಕಲ್ಲು ಹೇರಿದೀನಿ, ನಾಯಿ ನನ್ನ ಜೊತೆ ಮಾತು ಬಿಟ್ಟಿದೆ.